ವಿದೂಷಕನೂ ರೋಗಶಯ್ಯೆಯೂ



ಸಾಹಿತ್ಯೋಪನ್ಯಾಸಗಳಿಗೆಂದು ಮೀಸಲಾಗಿರುವ ಈ ವೇದಿಕೆಯಲ್ಲಿ ನಿಂತು ಕವಿಯೊಬ್ಬನನ್ನಾಗಲಿ ಕಾವ್ಯವೊಂದನ್ನಾಗಲಿ ಕುರಿತು ಮಾತನಾಡದೆ, ಕೋಡಂಗಿಯನ್ನು, ಅದರಲ್ಲಿಯೂ ಆಸ್ಪತ್ರೆಯೊಳಕ್ಕೆ ಕಾಲಿಟ್ಟಿರುವ ಕೋಡಂಗಿಯನ್ನು ವಿಷಯವಾಗಿ ಆರಿಸಿಕೊಂಡಿರುವುದು ತಮ್ಮಲ್ಲಿ ಕೆಲವರಿಗಾದರೂ ವಿಚಿತ್ರವೆಂದು ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ನಾನು ವಿಷಯವನ್ನು ತಿಳಿಸಿದಾಗ ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಮೌನವಾಗಿದ್ದು, ಆಮಂತ್ರಣಪತ್ರಿಕೆಯಲ್ಲಿ 'ಹಾಸ್ಯರಸದ ಒಂದು ಮುಖ' ಎಂದು ಅಚ್ಚುಹಾಕಿಸಬಹುದೆ ಎಂದು ವಿನಯದಿಂದ ಕೇಳಿದರು. ನಾನೂ ಅಷ್ಟೇ ವಿನಯದಿಂದ ಆಗಬಹುದೆಂದೆನು.

ಆದರೆ ಈ ಕೋಡಂಗಿಯು ನಮ್ಮ ಶಾಸ್ತ್ರಕ್ಕೆ ಹೊರಗಿನವನಲ್ಲ; ಅಲ್ಲಿ ಅವನ ಹೆಸರು ವಿದೂಷಕ. ಭರತನ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ, ಅಸುರರ ಉಪದ್ರವದಿಂದ ನಾಟ್ಯವನ್ನು ಕಾಪಾಡುವುದಕ್ಕಾಗಿ ಬ್ರಹ್ಮನು ದೇವತೆಗಳಿಗೆ ರಕ್ಷಣೆಯ ಕಾರ್ಯವನ್ನು ಹಂಚಿಕೊಡುವ ಪ್ರಸಂಗವೊಂದುಂಟು. ನಾಯಕನನ್ನು ಕಾಯತಕ್ಕವನು ಇಂದ್ರ, ನಾಯಿಕೆಯನ್ನು ಕಾಯತಕ್ಕವಳು ಸರಸ್ವತಿ. ವಿದೂಷಕನ ಪಾಲಿಗೆ ಬಂದ ಕಾವಲು ಓಂಕಾರ. ಇಷ್ಟು ದೊಡ್ಡ ರಕ್ಷಣೆಯನ್ನು ಪಡೆದವನ ರೂಪವಾದರೋ ಮುಂದೆ ಅದೇ ಗ್ರಂಥವು ವರ್ಣಿಸುವಂತೆ ಕುಳ್ಳುದೇಹ, ಉಬ್ಬುಹಲ್ಲು, ಗೂನುಬೆನ್ನು, ಬೋಳುತಲೆ, ಕಪಿಲವರ್ಣದ ಕಣ್ಣು. ಜನ್ಮದಿಂದ ಬ್ರಾಹ್ಮಣನಾದರೂ ಅವನು ಆಡುವುದು ಪ್ರಾಕೃತವನ್ನು. ಧ್ಯಾನವೆಲ್ಲ ಮೋದಕದ ಮೇಲೆ. ಧೈರ್ಯವೆಂಬುದು ಹೆಸರಿಗೂ ಇಲ್ಲ. ಪ್ರಣವವನ್ನು ಶುದ್ಧವಾಗಿ ಉಚ್ಚರಿಸಬಲ್ಲನೋ ಇಲ್ಲವೋ ಎಂದು ಸಂಶಯಪಡಬೇಕಾದ ಬ್ರಾಹ್ಮಣನಿಗೆ ಪ್ರಣವವನ್ನೇ ಕಾವಲಿಟ್ಟ ಶಾಸ್ತ್ರಕಾರನು ಅದನ್ನು ವಿನೋದಕ್ಕಾಗಿ ಮಾಡಿದನೆಂದು ನಾನು ಭಾವಿಸುವುದಿಲ್ಲ. ರಂಗದಲ್ಲಿ ಅತ್ಯಂತ ಅರಕ್ಷಿತನಾದವನು ಇವನೇ ಎಂಬುದನ್ನು ಭರತನು ಬಲ್ಲನು. ನಾಯಕನು ಸೋತರೂ ಅದು ದುರಂತವೆಂಬ ಗೌರವವನ್ನು ಪಡೆಯುವುದು; ವಿದೂಷಕನು ದಿನದಿನವೂ, ಎಲ್ಲರ ಕಣ್ಣೆದುರಿಗೂ, ಯಾವ ಗೌರವವೂ ಇಲ್ಲದೆ ಸೋಲಬೇಕು.

ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಸೋಲಿನ ವಿಚಾರವನ್ನೇ. ನಗೆಯು ರೋಗಕ್ಕೆ ಮದ್ದೆಂಬ ಮಾತು ಈಗ ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಅದನ್ನು ನಾನು ಅಲ್ಲಗಳೆಯಲು ಬಂದಿಲ್ಲ. ಆದರೆ ವಿದೂಷಕನ ಕಲೆಯಲ್ಲಿ ನಗೆಯು ಫಲಗಳಲ್ಲಿ ಒಂದು, ಸಾಧನವಾದರೋ ಸೋಲು ಎಂದೂ, ಆ ಸೋಲನ್ನು ಕಲಿಯುವುದೇ ಅವನ ಸೃಷ್ಟಿಶೀಲತೆಯ ಮೂಲವಾಗಿದ್ದು, ಅದನ್ನು ಕಲಿತವನಿಗೆ ಮಾತ್ರ ರೋಗಿಯ ಹಾಸಿಗೆಯ ಬಳಿಯಲ್ಲಿ ಮಾಡಲು ಏನಾದರೂ ಕೆಲಸವಿರುವುದೆಂದೂ ನನಗೆ ತೋರುತ್ತದೆ.

ಅಭಿಜ್ಞಾನಶಾಕುಂತಲದ ಆರನೆಯ ಅಂಕವನ್ನು ತಾವು ನೆನಪಿಗೆ ತಂದುಕೊಳ್ಳಬೇಕು. ಉಂಗುರವು ಮರಳಿ ದೊರೆತು, ಮರೆವು ಹರಿದು, ತಾನು ನಿರಾಕರಿಸಿದ ಹೆಂಡತಿಯ ಚಿತ್ರವನ್ನು ತಾನೇ ಬರೆದು ಅದರ ಮುಂದೆ ಕಂಬನಿಗರೆಯುತ್ತಿರುವ ದುಷ್ಯಂತನಿಗೆ ಸಂಗಾತಿಯಾಗಿ ಉಳಿದಿರುವವನು ವಿದೂಷಕನಾದ ಮಾಧವ್ಯನು. ಅವನು ಯಥಾಶಕ್ತಿ ಸಮಾಧಾನ ಹೇಳುತ್ತಾನೆ, ಒಂದೂ ನಾಟುವುದಿಲ್ಲ. ಚಿತ್ರದೊಳಗಿನ ದುಂಬಿಯನ್ನು ನಿಜವಾದ ದುಂಬಿಯೆಂದೇ ಭ್ರಮಿಸಿ ಅರಸನು ಗದರಿಸುತ್ತಿರುವಾಗ, ಇದು ಬರಿಯ ಚಿತ್ರವೆಂದು ಎಚ್ಚರಿಸಿ ಅವನಿಗಿದ್ದ ಅಷ್ಟಿಷ್ಟು ಭ್ರಾಂತಿಸುಖವನ್ನೂ ಕೆಡಿಸುತ್ತಾನೆ. ಅನಂತರ, ಸಂತಾನವಿಲ್ಲದ ವರ್ತಕನೊಬ್ಬನು ಸಮುದ್ರದಲ್ಲಿ ಮಡಿದ ಸುದ್ದಿ ಬಂದು, ತನ್ನ ವಂಶದ ಗತಿಯೂ ಇದೇ ಎಂಬ ಚಿಂತೆಯಿಂದ ಅರಸನು ಮೂರ್ಛೆಹೋಗುತ್ತಾನೆ. ಮಾತಿನ ಚಿಕಿತ್ಸೆಯೆಲ್ಲ ಮುಗಿದುಹೋದ ಆ ಹೊತ್ತಿನಲ್ಲಿ ಅರಮನೆಯ ಉಪ್ಪರಿಗೆಯಿಂದ ಮಾಧವ್ಯನ ಆರ್ತನಾದವು ಕೇಳಿಸುವುದು. ಕಣ್ಣಿಗೆ ಕಾಣದ ಯಾವುದೋ ಭೂತವು ಅವನ ಕತ್ತು ಹಿಸುಕುತ್ತಿದೆ. ಅರಸನು ಮೇಲೆದ್ದು ಬಿಲ್ಲನ್ನು ಕೈಗೆತ್ತಿಕೊಳ್ಳುತ್ತಾನೆ. ಹಿಸುಕಿದವನು ಇಂದ್ರನ ಸಾರಥಿಯಾದ ಮಾತಲಿ. ಅರಸನು ಶೋಕದಲ್ಲಿ ಮುಳುಗಿದ್ದುದನ್ನು ಕಂಡು, ಅವನನ್ನು ಕೆರಳಿಸಿ ಎಬ್ಬಿಸುವುದಕ್ಕೆಂದೇ ಹೀಗೆ ಮಾಡಿದೆನೆಂದು ಅವನು ನಗುತ್ತ ಹೇಳುತ್ತಾನೆ. ತನ್ನನ್ನು ಹಿಂಸಿಸಿದವನಿಗೆ ಸಿಕ್ಕಿದ ಸತ್ಕಾರವನ್ನು ನೋಡಿ ಮಾಧವ್ಯನು ಗೊಣಗಿಕೊಳ್ಳುತ್ತಾನೆ.

ಈ ಸನ್ನಿವೇಶವನ್ನು ಕಾಳಿದಾಸನ ಟೀಕಾಕಾರರು ಬಹುಮಟ್ಟಿಗೆ ಕಥಾಸಂಧಾನದ ಒಂದು ಉಪಾಯವೆಂದು ಎಣಿಸಿ ಮುಂದೆ ಸಾಗಿಬಿಡುತ್ತಾರೆ. ನನಗಾದರೋ ಇದು ವಿದೂಷಕನ ಚಿಕಿತ್ಸಾಕ್ರಮದ ಅತ್ಯಂತ ಸ್ಪಷ್ಟವಾದ ನಿರೂಪಣೆಯಾಗಿ ಕಾಣುತ್ತದೆ. ಮಾಧವ್ಯನ ಹಾಸ್ಯಕ್ಕೆ ಇಲ್ಲಿ ದುಷ್ಯಂತನು ಒಮ್ಮೆಯೂ ಮನಸಾರ ನಗುವುದಿಲ್ಲ. ಅವನನ್ನು ಶಯ್ಯೆಯಿಂದ ಎಬ್ಬಿಸಿದುದು ತನಗಿಂತಲೂ ನಿಸ್ಸಹಾಯನಾದ ಒಬ್ಬನು ತನ್ನ ನೆರವನ್ನು ಬೇಡಿದನೆಂಬ ಸಂಗತಿ. ದುಃಖಿಯಾದವನಿಗೆ ಎಲ್ಲರೂ ಕೊಡಬರುತ್ತಾರೆ, ಮದ್ದನ್ನೋ ಉಪದೇಶವನ್ನೋ ಅನುಕಂಪವನ್ನೋ. ಅವನಿಂದ ಬೇಡುವವನು ವಿದೂಷಕನೊಬ್ಬನೇ.

ನಗೆಯೇ ಔಷಧವೆಂಬ ಸಿದ್ಧಾಂತಕ್ಕೆ ನಮ್ಮ ಕಾಲದಲ್ಲಿ ಹೆಚ್ಚಿನ ಪ್ರಚಾರವನ್ನು ತಂದವನು ಅಮೆರಿಕದ ಪತ್ರಿಕಾಸಂಪಾದಕನಾದ ನಾರ್ಮನ್ ಕಸಿನ್ಸ್. ಬೆನ್ನುಮೂಳೆಯ ಕೀಲುಗಳನ್ನು ಹಿಡಿದ ಕ್ರೂರವಾದ ವ್ಯಾಧಿಯಿಂದ ನರಳುತ್ತಿದ್ದ ಆತನು ಆಸ್ಪತ್ರೆಯನ್ನು ಬಿಟ್ಟು, ಮಾರ್ಕ್ಸ್ ಸಹೋದರರ ಚಲನಚಿತ್ರಗಳನ್ನು ತರಿಸಿ ನೋಡಿ, ಹತ್ತು ನಿಮಿಷದ ಹೊಟ್ಟೆತುಂಬ ನಗೆಯಿಂದ ಎರಡು ಗಂಟೆಗಳ ನೋವಿಲ್ಲದ ನಿದ್ರೆಯನ್ನು ಪಡೆದುದಾಗಿ 1976ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿಯೂ 1979ರಲ್ಲಿ ಪುಸ್ತಕರೂಪದಲ್ಲಿಯೂ ಬರೆದನು. ಅದೇ ಕಾಲದಲ್ಲಿ ಅವನು ಸಿ ಜೀವಸತ್ತ್ವವನ್ನೂ ಭಾರಿ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದನೆಂಬುದನ್ನು ಅವನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. 1995ರಲ್ಲಿ ಮುಂಬಯಿಯ ವೈದ್ಯರಾದ ಮದನ್ ಕಟಾರಿಯಾ ಅವರು ಉದ್ಯಾನವೊಂದರಲ್ಲಿ ಆರಂಭಿಸಿದ ನಗೆಕೂಟವು ಲೋಕವನ್ನೆಲ್ಲ ಸುತ್ತಿಬಂದು, ನಮ್ಮ ಲಾಲ್‌ಬಾಗು ಕಬ್ಬನ್ ಪಾರ್ಕುಗಳಲ್ಲಿಯೂ ಮುಂಜಾವದಲ್ಲಿ ಕೈಗಳನ್ನು ಮೇಲೆತ್ತಿ ಗಹಗಹಿಸುವ ಹಿರಿಯರನ್ನು ನಾವು ಕಾಣುವಂತಾಗಿದೆ. ಅವರ ಆರೋಗ್ಯವು ಹೆಚ್ಚಲಿ. ಆದರೆ ಅಲ್ಲಿ ನಗುವುದಕ್ಕೆ ಕಾರಣವೇ ಬೇಕಾಗಿಲ್ಲವಾದುದರಿಂದ ವಿದೂಷಕನೂ ಬೇಕಾಗಿಲ್ಲ. ಅದು ಶ್ವಾಸಕೋಶದ ವ್ಯಾಯಾಮ, ನಮ್ಮ ವಿಷಯವಲ್ಲ.

ನಗೆಯ ಮದ್ದಿನ ಮಿತಿಯನ್ನು ತೋರಿಸುವ ಹಳೆಯ ಕಥೆಯೊಂದನ್ನು ಯೂರೋಪಿನಲ್ಲಿ ಊರೂರಿಗೆ ಹೆಸರು ಬದಲಾಯಿಸಿ ಹೇಳುತ್ತಾರೆ. ತೀರದ ವಿಷಾದದಿಂದ ಬಳಲುತ್ತಿರುವವನೊಬ್ಬನು ವೈದ್ಯನ ಬಳಿಗೆ ಬರುವನು. ನಗರದಲ್ಲಿ ಗ್ರಿಮಾಲ್ಡಿ ಎಂಬ ವಿದೂಷಕನ ಆಟ ನಡೆಯುತ್ತಿದೆ, ಹೋಗಿ ನೋಡು, ಗುಣವಾಗುವುದು ಎಂದು ವೈದ್ಯನು ಹೇಳುವನು. ಆ ಗ್ರಿಮಾಲ್ಡಿಯೇ ನಾನು ಎಂದು ರೋಗಿಯು ಉತ್ತರಕೊಡುವನು. ಲಂಡನ್ನಿನಲ್ಲಿ ಹೇಳುವಾಗ ಗ್ರಿಮಾಲ್ಡಿ, ಪ್ಯಾರಿಸಿನಲ್ಲಿ ದೆಬ್ಯುರೋ. ಕಥೆ ನಡೆದಿರಲಾರದು. ಆದರೆ 1778ರಿಂದ 1837ರವರೆಗೆ ಬದುಕಿದ್ದ ಜೋಸೆಫ್ ಗ್ರಿಮಾಲ್ಡಿ, ರಂಗದ ಮೇಲಿನ ಬೀಳುವಿಕೆ ಹಾರುವಿಕೆಗಳಿಂದ ನಡುವಯಸ್ಸಿನಲ್ಲಿಯೇ ಮೈಮುರಿದು, ಕಡೆಯ ಪ್ರದರ್ಶನದಲ್ಲಿ ಕುರ್ಚಿಯ ಮೇಲೆ ಕುಳಿತೇ ನಟಿಸಬೇಕಾಯಿತೆಂಬುದು ಕಥೆಯಲ್ಲ.

ಇನ್ನು ಈ ವಿದ್ಯೆಯನ್ನು ಕಲಿಯುವ ಬಗೆಯ ವಿಚಾರ. 1956ರಲ್ಲಿ ಪ್ಯಾರಿಸಿನಲ್ಲಿ ನಾಟ್ಯಶಾಲೆಯೊಂದನ್ನು ಸ್ಥಾಪಿಸಿದ ಜಾಕ್ ಲೆಕಾಕ್ ಎಂಬಾತನು ಮೂಲತಃ ಅಂಗಸಾಧನೆಯ ಶಿಕ್ಷಕನು; ದೇಹವು ಹೇಗೆ ಚಲಿಸುವುದು ಮತ್ತು ಹೇಗೆ ಚಲಿಸಲಾರದು ಎಂಬೆರಡನ್ನೂ ಹತ್ತಿರದಿಂದ ಬಲ್ಲವನು. ಅರುವತ್ತರ ದಶಕದಲ್ಲಿ ಅವನು ತನ್ನ ವಿದ್ಯಾರ್ಥಿಗಳನ್ನು ವೃತ್ತಾಕಾರವಾಗಿ ಕುಳ್ಳಿರಿಸಿ, ಒಬ್ಬೊಬ್ಬರಾಗಿ ಮಧ್ಯಕ್ಕೆ ಬಂದು ಉಳಿದವರನ್ನು ನಗಿಸಬೇಕೆಂದು ಅಪ್ಪಣೆಮಾಡಿದನು. ಒಬ್ಬನು ಲಾಗಹಾಕಿದನು, ಇನ್ನೊಬ್ಬನು ಮುಖ ಸೊಟ್ಟಮಾಡಿದನು, ಮತ್ತೊಬ್ಬನು ಚಮತ್ಕಾರದ ಮಾತುಗಳನ್ನಾಡಿದನು, ಯಾರೂ ನಗಲಿಲ್ಲ. ಅವಮಾನದಿಂದ ಕುಗ್ಗಿ, ಏನೂ ತೋಚದೆ, ಅವರು ತಮ್ಮ ತಮ್ಮ ಸ್ಥಾನಗಳಿಗೆ ಮರಳಹೊರಟ ಆ ಗಳಿಗೆಯಲ್ಲಿ ನೋಡುತ್ತಿದ್ದವರಿಗೆ ನಗು ಉಕ್ಕಿಬಂದಿತು. ಅವರು ಆಡಿದ ಪಾತ್ರಗಳಲ್ಲಿ ಇರದಿದ್ದ ಹಾಸ್ಯವು, ಪಾತ್ರವು ಕಳಚಿಬಿದ್ದ ಬಳಿಕ ಕಾಣಿಸಿದ ಅವರ ನಿಜವಾದ ಮುಖದಲ್ಲಿ ಇದ್ದಿತು. ಅಂದಿನಿಂದ ಆ ಶಾಲೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನದೇ ಆದ ಕೋಡಂಗಿಯನ್ನು, ಎಂದರೆ ತಾನು ಲೋಕದಿಂದ ಬಚ್ಚಿಟ್ಟುಕೊಂಡಿರುವ ದೌರ್ಬಲ್ಯವನ್ನು, ಸಣಕಲು ಕಾಲನ್ನೋ ಅತಿಯಾದ ಗಾಂಭೀರ್ಯವನ್ನೋ, ಹುಡುಕಿಕೊಂಡು ಅದನ್ನು ರಂಗಕ್ಕೆ ತರುವುದು ಪಾಠಕ್ರಮವಾಯಿತು. ಮೂಗಿನ ಮೇಲಿಡುವ ಕೆಂಪುಗುಂಡನ್ನು ಲೆಕಾಕನು ಜಗತ್ತಿನ ಅತ್ಯಂತ ಚಿಕ್ಕ ಮುಖವಾಡವೆಂದು ಕರೆಯುತ್ತಿದ್ದನು. ಬೇರೆಯ ಮುಖವಾಡಗಳು ಮುಖವನ್ನು ಮರೆಮಾಡಿದರೆ ಇದು ಮರೆಯೇ ಇಲ್ಲದಂತೆ ಮಾಡುವುದೆಂಬ ಕಾರಣದಿಂದ ಎರಡು ವರ್ಷಗಳ ಶಿಕ್ಷಣದ ತೀರ ಕೊನೆಯಲ್ಲಿ ಮಾತ್ರ ಅದನ್ನು ಕೊಡುತ್ತಿದ್ದರು.

ಈ ಸೋಲು ಬಂಜೆಯಲ್ಲ. ಸ್ವಿಟ್ಜರ್ಲೆಂಡಿನ ಗ್ರಾಕ್ ಎಂಬ ಮಹಾವಿದೂಷಕನ ಪ್ರಸಿದ್ಧವಾದ ಆಟವೊಂದರಲ್ಲಿ ಅವನು ಪಿಯಾನೊ ನುಡಿಸಲು ಕುಳಿತುಕೊಳ್ಳುತ್ತಾನೆ. ಆಸನವು ವಾದ್ಯದಿಂದ ದೂರವಾಗಿದೆ. ಆಗ ಅವನು ಎದ್ದು, ಬೆವರು ಸುರಿಸಿ, ಆ ಬೃಹತ್ತಾದ ಪಿಯಾನೊವನ್ನೇ ಆಸನದ ಕಡೆಗೆ ತಳ್ಳಿತರುತ್ತಾನೆ. ಮೂರ್ಖತನವೆಂದು ನಾವು ನಗುತ್ತೇವೆ. ಆದರೆ ಲೋಕದ ವಸ್ತುಗಳಿಗೆ ನಾವು ಕೊಟ್ಟಿರುವ ಸ್ಥಿರಚರಗಳೆಂಬ ವಿಂಗಡಣೆಯನ್ನು ಅವನು ಒಪ್ಪಿಕೊಂಡಿಲ್ಲವೆಂಬುದನ್ನು ಗಮನಿಸಬೇಕು. ಸಮರ್ಥನಾದವನಿಗೆ ದಾರಿ ಒಂದೇ, ಸರಿಯಾದ ದಾರಿ. ಅಸಮರ್ಥನು ಉಳಿದ ದಾರಿಗಳನ್ನೆಲ್ಲ ಶೋಧಿಸಬೇಕಾಗುವುದು. ಕಾವ್ಯಮೀಮಾಂಸಕರು ಪ್ರತಿಭೆಗೆ ಹೇಳುವ ನವನವೋನ್ಮೇಷಶಾಲಿತ್ವವು ಇವನಲ್ಲಿ ದಡ್ಡತನದ ವೇಷವನ್ನು ತೊಟ್ಟು ಬಂದಿದೆ. ಹಾಸಿಗೆಯಿಂದ ಏಳಲಾರದೆ, ಬಲಗೈಗೆ ಸೂಜಿಯನ್ನು ಚುಚ್ಚಿಸಿಕೊಂಡು ಎಡಗೈಯಿಂದ ಗಂಜಿ ಕುಡಿಯುವುದನ್ನು ಹೊಸದಾಗಿ ಕಲಿಯುತ್ತಿರುವ ರೋಗಿಗೆ ಈ ಬಗೆಯ ಶೋಧವು ಅಪರಿಚಿತವೇನೂ ಅಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ವಿಷಯಕ್ಕೆ ಅನ್ಯಾಯವಾಗುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ಸರ್ಕಸ್ಸಿನಲ್ಲಿ ಫೂಟಿಟ್ ಮತ್ತು ಶೋಕೊಲಾ ಎಂಬ ಜೋಡಿ ಬಹಳ ಹೆಸರುಗಳಿಸಿದ್ದಿತು. ಬಿಳಿಯ ಬಣ್ಣ ಬಳಿದುಕೊಂಡ ಫೂಟಿಟ್ ಅಧಿಕಾರಿಯಂತೆ ಗರ್ಜಿಸುವವನು. ಕ್ಯೂಬಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿ ಫ್ರಾನ್ಸಿಗೆ ಬಂದ ಕಪ್ಪುಜನಾಂಗದ ಶೋಕೊಲಾ ಸದಾ ಏಟು ತಿನ್ನುವವನು. ಪ್ಯಾರಿಸಿನ ಆಸ್ಪತ್ರೆಗಳಲ್ಲಿದ್ದ ಮಕ್ಕಳ ಬಳಿಗೆ ಹೋಗಿ ಅವರನ್ನು ರಂಜಿಸುತ್ತಿದ್ದ ಮೊದಲಿಗರಲ್ಲಿ ಈ ಶೋಕೊಲಾ ಒಬ್ಬನು. 1917ರಲ್ಲಿ ಬಡತನದಲ್ಲಿ ತೀರಿಕೊಂಡನು. ಏಟು ತಿನ್ನುವುದನ್ನು ತಾನೇ ಆರಿಸಿಕೊಂಡವನ ಸೋಲಿಗೂ, ಮೈಬಣ್ಣದ ಕಾರಣದಿಂದ ಇತರರು ಹೊರಿಸಿದ ಸೋಲಿಗೂ ಇರುವ ಅಂತರವನ್ನು ಪ್ರೇಕ್ಷಕರ ನಗೆಯು ಗುರುತಿಸಲಾರದು. ಗೂನುಬೆನ್ನಿನವನನ್ನೂ ಕುಳ್ಳನನ್ನೂ ವಿದೂಷಕನ ಲಕ್ಷಣದಲ್ಲಿ ಸೇರಿಸಿದ ನಮ್ಮ ಶಾಸ್ತ್ರವೂ, ಕುಳ್ಳರನ್ನು ಜೋಕರುಗಳಾಗಿ ಮಾತ್ರ ಕಂಡ ನಮ್ಮ ಸರ್ಕಸ್ ಡೇರೆಗಳೂ ಈ ದೋಷದಿಂದ ಮುಕ್ತವಲ್ಲ.

ಆಧುನಿಕ ಆಸ್ಪತ್ರೆಯೊಳಗೆ ವಿದೂಷಕನಿಗೆ ನಿಯತವಾದ ಸ್ಥಾನ ದೊರೆತುದು 1986ರಲ್ಲಿ, ನ್ಯೂಯಾರ್ಕ್ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ. ಯೂರೋಪಿನ ಬೀದಿಗಳಲ್ಲಿ ಕೈಚಳಕ ತೋರಿಸಿ ಹೊಟ್ಟೆಹೊರೆದು ಬಂದ ಮೈಕೇಲ್ ಕ್ರಿಸ್ಟೆನ್ಸನ್ ಎಂಬಾತನು ಪಾಲ್ ಬೈಂಡರ್ ಎಂಬ ಮಿತ್ರನೊಡನೆ 1977ರಲ್ಲಿ ಬಿಗ್ ಆ್ಯಪಲ್ ಸರ್ಕಸ್ಸನ್ನು ಕಟ್ಟಿದ್ದನು. ಅವನ ಅಣ್ಣನು ಅರ್ಬುದರೋಗದಿಂದ ಮರಣಹೊಂದಿದನು. ಸಾಯುವ ಮುನ್ನ ತಮ್ಮನ ಆಟಕ್ಕೆ ಉಪಯೋಗವಾದೀತೆಂದು ಹಳೆಯದೊಂದು ವೈದ್ಯರ ಚೀಲವನ್ನು ಕೊಟ್ಟಿದ್ದನು. ಕ್ರಿಸ್ಟೆನ್ಸನ್ ಬಿಳಿಯ ನಿಲುವಂಗಿಯನ್ನು ತೊಟ್ಟು, ಆ ಚೀಲವನ್ನು ಹಿಡಿದು, ಡಾಕ್ಟರನ ವೇಷದ ಕೋಡಂಗಿಯಾಗಿ ವಾರ್ಡಿನೊಳಕ್ಕೆ ಹೋದನು. ಕೆಂಪುಮೂಗಿನ ಕಸಿ ಮಾಡುವ, ರಕ್ತದ ಬದಲಿಗೆ ಚಾಕೊಲೇಟು ಹಾಲನ್ನು ಏರಿಸುವ ಈ ವೈದ್ಯರ ತಂಡವು ಬೇಗನೆ ಬೆಳೆಯಿತು. ಅಲ್ಲಿ ಪಳಗಿದ ಕೆರೊಲೀನ್ ಸೈಮಂಡ್ಸ್ ಎಂಬಾಕೆಯು ಪ್ಯಾರಿಸಿನಲ್ಲಿಯೂ, ವೆಲಿಂಗ್ಟನ್ ನೊಗೇರಾ ಎಂಬ ನಟನು ಬ್ರೆಜಿಲಿನ ಸಾವೊ ಪೌಲೊ ನಗರದಲ್ಲಿಯೂ 1991ರಲ್ಲಿಯೇ ಇಂತಹ ಸಂಸ್ಥೆಗಳನ್ನು ಸ್ಥಾಪಿಸಿದರು. ಮಿಕ್ಕ ದೇಶಗಳ ಹೆಸರುಗಳನ್ನು ಪಟ್ಟಿಮಾಡಿ ತಮ್ಮ ಸಹನೆಯನ್ನು ಪರೀಕ್ಷಿಸುವುದಿಲ್ಲ.

ಇವರ ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡತಕ್ಕದ್ದು. ಇವರು ಸಾಮಾನ್ಯವಾಗಿ ಜೋಡಿಯಾಗಿ ಹೋಗುತ್ತಾರೆ. ಹೋಗುವ ಮೊದಲು ದಾದಿಯರ ಬಳಿಯಲ್ಲಿ ಕುಳಿತು, ಯಾವ ಮಗುವಿಗೆ ಇಂದು ಶಸ್ತ್ರಚಿಕಿತ್ಸೆ, ಯಾರು ರಾತ್ರಿಯೆಲ್ಲ ನಿದ್ರೆಮಾಡಿಲ್ಲ, ಯಾರ ಹತ್ತಿರ ಹೋಗಕೂಡದು ಎಂಬುದನ್ನೆಲ್ಲ ಕೇಳಿ ತಿಳಿದುಕೊಳ್ಳುತ್ತಾರೆ, ಕೈ ತೊಳೆದುಕೊಳ್ಳುತ್ತಾರೆ, ಮುಖಕ್ಕೆ ಸರ್ಕಸ್ಸಿನ ದಟ್ಟವಾದ ಬಣ್ಣವನ್ನು ಬಳಿದುಕೊಳ್ಳುವುದಿಲ್ಲ. ಬಾಗಿಲ ಬಳಿಗೆ ಬಂದ ಮೇಲೆ ಒಳನುಗ್ಗದೆ ಹೊಸ್ತಿಲಾಚೆಯಲ್ಲಿ ನಿಂತು, ಬರಬಹುದೆ ಎಂದು ಮಗುವನ್ನೇ ಕೇಳುತ್ತಾರೆ. ಮಗು ಬೇಡವೆಂದರೆ ಹಿಂತಿರುಗುತ್ತಾರೆ. ಹಿಂತಿರುಗುವಾಗ ಒಬ್ಬನು ಬಾಗಿಲ ಚೌಕಟ್ಟಿಗೆ ತಲೆಯನ್ನು ತಾಗಿಸಿಕೊಂಡರೆ ತಾಗಿಸಿಕೊಂಡನು. ಈ ಒಂದು ಆಚಾರದಲ್ಲಿ ಇಡೀ ವಿದ್ಯೆಯ ಸಾರವು ಅಡಗಿದೆಯೆಂದು ನನ್ನ ಅಭಿಪ್ರಾಯ. ಆಸ್ಪತ್ರೆಗೆ ಸೇರಿದ ಮಗುವು ನೋವನ್ನು ಅನುಭವಿಸುವುದಕ್ಕಿಂತ ಮೊದಲೇ ಬೇಡವೆನ್ನುವ ಅಧಿಕಾರವನ್ನು ಕಳೆದುಕೊಂಡಿರುವುದು. ಸೂಜಿಗೆ ಬೇಡವೆನ್ನುವಂತಿಲ್ಲ, ಕಹಿಯಾದ ಮದ್ದಿಗೆ ಬೇಡವೆನ್ನುವಂತಿಲ್ಲ. ತಾಯಿಯೂ ಸಹ ಮಗುವಿನ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳುವವರ ಪಕ್ಷವನ್ನೇ ಸೇರಿಬಿಟ್ಟಿದ್ದಾಳೆ. ಇಂತಹ ಸ್ಥಳದಲ್ಲಿ, ಓಡಿಸಿದರೆ ಓಡಿಹೋಗುವ ಒಬ್ಬ ವಯಸ್ಕನು, ಅದೂ ಡಾಕ್ಟರನ ಅಂಗಿಯನ್ನು ತೊಟ್ಟವನು, ಬಾಗಿಲಲ್ಲಿ ಕಾದು ನಿಂತಿದ್ದಾನೆಂದರೆ ಅದು ಮಗುವಿಗೆ ಮರಳಿ ದೊರೆತ ರಾಜ್ಯ.

ಒಳಗೆ ಬಂದ ಮೇಲೂ ಅವನ ಕೆಲಸವು ಸೋಲುವುದೇ. ಸ್ಟೆತಾಸ್ಕೋಪನ್ನು ತನ್ನ ಮೊಣಕಾಲಿಗೆ ಇಟ್ಟು ಎದೆಬಡಿತವಿಲ್ಲವೆಂದು ಗಾಬರಿಪಡುವನು. ಎಲ್ಲಿ ಇಡಬೇಕೆಂಬುದನ್ನು ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಮಗುವು ಅವನಿಗೆ ಕಲಿಸಬೇಕು. ರೋಗದಿಂದ ತಾನು ಪಡೆದ ದುಃಖದ ಪಾಂಡಿತ್ಯವು ಹೀಗೆ ಒಮ್ಮೆಯಾದರೂ ಮಗುವಿಗೆ ಗುರುವಿನ ಸ್ಥಾನವನ್ನು ತಂದುಕೊಡುವುದು.

ಇದು ಅಮೆರಿಕದವರ ಹೊಸ ಸೃಷ್ಟಿಯೆಂದು ತಿಳಿಯಬೇಕಾಗಿಲ್ಲ. ದಕ್ಷಿಣ ಸಿಂಹಳದ ಹಳ್ಳಿಗಳಲ್ಲಿ ಸನ್ನಿ ಯಕುಮ ಎಂಬ ರಾತ್ರಿಯಿಡೀ ನಡೆಯುವ ಆರಾಧನೆಯೊಂದುಂಟು. ಹದಿನೆಂಟು ರೋಗಗಳಿಗೆ ಹದಿನೆಂಟು ಯಕ್ಷರು. ಕಿವುಡಿನ ಯಕ್ಷ, ಕುರುಡಿನ ಯಕ್ಷ, ಹುಚ್ಚಿನ ಯಕ್ಷ. ಒಬ್ಬೊಬ್ಬರೂ ತಮ್ಮ ತಮ್ಮ ಮುಖವಾಡವನ್ನು ಧರಿಸಿ ಆರ್ಭಟಿಸುತ್ತ ರೋಗಿಯ ಮುಂದೆ ಬರುವರು. ಮದ್ದಳೆಯವನು ಅವರನ್ನು ಮಾತಿಗೆಳೆದು, ಅಡ್ಡಪ್ರಶ್ನೆಗಳಿಂದ ತಬ್ಬಿಬ್ಬುಮಾಡಿ, ಕಡೆಗೆ ಬಲಿಯನ್ನು ಬೇಡಿ ಪಡೆದುಕೊಂಡು ಹೊರಟುಹೋಗುವ ಪೆದ್ದರನ್ನಾಗಿ ಮಾಡಿಬಿಡುವನು. ಈ ಆರಾಧನೆಗಳನ್ನು ಬಹುಕಾಲ ಅಧ್ಯಯನಮಾಡಿದ ಬ್ರೂಸ್ ಕ್ಯಾಪ್‌ಫರರ್ ಎಂಬ ವಿದ್ವಾಂಸನು 1983ರ ತನ್ನ ಗ್ರಂಥದಲ್ಲಿ, ಭಯದ ಲೋಕದಲ್ಲಿ ಒಂಟಿಯಾಗಿದ್ದ ರೋಗಿಯನ್ನು ನೆರೆಹೊರೆಯವರ ಸಾಮಾನ್ಯವಾದ ಲೋಕಕ್ಕೆ ಮರಳಿ ಕರೆತರುವುದು ಈ ಹಾಸ್ಯಭಾಗವೇ ಎಂದು ವಾದಿಸಿದನು. ಅಮೆರಿಕ ಖಂಡದಲ್ಲಿಯೇ, ಈಗಿನ ನ್ಯೂ ಮೆಕ್ಸಿಕೊ ಪ್ರಾಂತದ ಜುನಿ ಜನರಲ್ಲಿ, ನೇವೆಕ್ವೆ ಎಂಬ ವಿದೂಷಕರ ಕೂಟವು ಹೊಟ್ಟೆಯ ರೋಗಗಳನ್ನು ಗುಣಪಡಿಸುವ ವೈದ್ಯರ ಕೂಟವೂ ಆಗಿದ್ದಿತು. ಸಿಂಹಳದಲ್ಲಿ ಸೋಲುವುದು ರೋಗ, ನ್ಯೂಯಾರ್ಕಿನಲ್ಲಿ ಸೋಲುವುದು ಡಾಕ್ಟರು. ಯಾರನ್ನು ಕಂಡರೆ ರೋಗಿಗೆ ಹೆಚ್ಚು ಭಯವೋ ಅವರೇ ಕೋಡಂಗಿಯಾಗುವರೆಂಬುದು ಇಲ್ಲಿ ಯೋಚಿಸತಕ್ಕ ಸಂಗತಿ.

ಇದರಿಂದ ಪ್ರಯೋಜನವುಂಟೆಂಬುದಕ್ಕೆ ಪ್ರಮಾಣವೇನು ಎಂದು ವೈದ್ಯಮಿತ್ರರು ಕೇಳುವರು, ಕೇಳಲೂ ಬೇಕು. ಇಟಲಿಯ ಫ್ಲಾರೆನ್ಸ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ನಡೆಸಿದ ಪರೀಕ್ಷೆಯೊಂದು 2005ರಲ್ಲಿ ಪ್ರಕಟವಾಯಿತು. ಸಣ್ಣ ಶಸ್ತ್ರಚಿಕಿತ್ಸೆಗೆ ಬಂದ ಐದರಿಂದ ಹನ್ನೆರಡು ವರ್ಷದೊಳಗಿನ 40 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಅರಿವಳಿಕೆ ಕೊಡುವಾಗ ತಂದೆ ಅಥವಾ ತಾಯಿಯ ಜೊತೆಗೆ ವಿದೂಷಕರೂ ಇದ್ದರು. ಉಳಿದವರಿಗೆ ತಂದೆತಾಯಿಯರಲ್ಲಿ ಒಬ್ಬರು ಮಾತ್ರ. ಮೊದಲಿನವರಲ್ಲಿ ಆತಂಕವು ಸ್ಪಷ್ಟವಾಗಿ ಕಡಿಮೆಯಾಗಿದ್ದಿತು. ಇಷ್ಟಾದರೂ ಶಸ್ತ್ರಚಿಕಿತ್ಸಾಗಾರದ ಸಿಬ್ಬಂದಿಯವರು, ಕೆಲಸಕ್ಕೆ ಅಡ್ಡಿಯಾಗುವುದೆಂದು ಹೇಳಿ, ಈ ಕ್ರಮವನ್ನು ಮುಂದುವರಿಸಲು ಒಪ್ಪಲಿಲ್ಲ. ಸೋಲಿಗೆ ಒಗ್ಗದ ಸ್ಥಳಗಳಲ್ಲಿ ಶಸ್ತ್ರಚಿಕಿತ್ಸಾಗಾರವೂ ಒಂದು. ಆ ಸಿಬ್ಬಂದಿಯನ್ನು ನಾನು ಪೂರ್ತಿಯಾಗಿ ದೂಷಿಸಲಾರೆ. ಇಸ್ರೇಲಿನಲ್ಲಿ ಕೃತಕ ಗರ್ಭಧಾರಣೆಯ ಚಿಕಿತ್ಸೆಯನ್ನು ಪಡೆದ 219 ಸ್ತ್ರೀಯರನ್ನು ಕುರಿತ 2011ರ ವರದಿಯೊಂದು ಇನ್ನೂ ಕುತೂಹಲಕರವಾದುದು: ಭ್ರೂಣವನ್ನು ಇರಿಸಿದ ಬಳಿಕ ಅಡುಗೆಯವನ ವೇಷದ ವಿದೂಷಕನ ಆಟವನ್ನು ಕಂಡವರಲ್ಲಿ ಶೇಕಡ 36.4 ಮಂದಿಯೂ, ಕಾಣದವರಲ್ಲಿ ಶೇಕಡ 20.2 ಮಂದಿಯೂ ಗರ್ಭವತಿಯರಾದರಂತೆ. ಈ ಪರೀಕ್ಷೆಯನ್ನು ನಡೆಸಿದ ವೈದ್ಯನು ಒಂದು ಕಾಲದಲ್ಲಿ ಲೆಕಾಕನ ಶಾಲೆಯ ವಿದ್ಯಾರ್ಥಿಯಾಗಿದ್ದನೆಂಬುದು ನನ್ನ ವಾದಕ್ಕೆ ಅನುಕೂಲವಾಗಿ ಕಂಡರೂ, ಒಂದೇ ಪರೀಕ್ಷೆಯ ಮೇಲೆ ಇಷ್ಟು ದೊಡ್ಡ ಭಾರವನ್ನು ಹೊರಿಸುವುದು ವಿವೇಕವಲ್ಲ. 2020ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದು 24 ಪರೀಕ್ಷೆಗಳನ್ನೂ, ಅವುಗಳಲ್ಲಿ ಸೇರಿದ 1,612 ಮಕ್ಕಳನ್ನೂ ಒಟ್ಟಿಗೆ ಪರಿಶೀಲಿಸಿದ ಸಮೀಕ್ಷೆಯನ್ನು ಪ್ರಕಟಿಸಿತು. ಮಕ್ಕಳ ಆತಂಕವು ತಗ್ಗಿ ಮನಸ್ಸಿಗೆ ನೆಮ್ಮದಿಯುಂಟಾಗುವುದೆಂಬ ಮಿತವಾದ ತೀರ್ಮಾನವು ಅದರಲ್ಲಿದೆ. ನನಗೆ ಅಷ್ಟು ಸಾಕು.

ಇದಕ್ಕೆ ವಿರುದ್ಧವಾಗಿ ತೋರುವ ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾನಿಲಯದವರು 2008ರಲ್ಲಿ, ಆಸ್ಪತ್ರೆಯ ಗೋಡೆಗಳ ಮೇಲೆ ಎಂತಹ ಚಿತ್ರಗಳಿರಬೇಕೆಂದು 250ಕ್ಕೂ ಮಿಕ್ಕ ಮಕ್ಕಳನ್ನು ವಿಚಾರಿಸಿದಾಗ, ಕೋಡಂಗಿಗಳ ಚಿತ್ರವನ್ನು ಮಕ್ಕಳು ಇಷ್ಟಪಡಲಿಲ್ಲ. ದೊಡ್ಡ ಹುಡುಗರಲ್ಲಿಯೂ ಕೆಲವರಿಗೆ ಭಯವಾಗುತ್ತಿದ್ದಿತು. ಪತ್ರಿಕೆಗಳು ಇದನ್ನು ಕೋಡಂಗಿಯ ಪರಾಭವವೆಂದು ಸಾರಿದುವು. ಆದರೆ ಗೋಡೆಯ ಮೇಲಿನ ಕೋಡಂಗಿಯು ಅಪ್ಪಣೆ ಕೇಳುವುದಿಲ್ಲ, ಹೋಗೆಂದರೆ ಹೋಗುವುದಿಲ್ಲ, ಹಗಲಿರುಳೂ ಹಲ್ಲುಕಿರಿದುಕೊಂಡೇ ಇರುವುದು. ಸೋಲಲು ಬಾರದ ಕೋಡಂಗಿಗೆ ಹೆದರಿದ ಆ ಮಕ್ಕಳ ವಿಮರ್ಶನಶಕ್ತಿಯನ್ನು ನಾನು ಮೆಚ್ಚುತ್ತೇನೆ.

ಇನ್ನು ನಮ್ಮ ನಾಡಿನ ಮಾತು. ದೆಹಲಿ ಪುದುಚೇರಿಗಳಂತಹ ಕಡೆಗಳಲ್ಲಿ ಇಂತಹ ಆಸ್ಪತ್ರೆಯ ವಿದೂಷಕರು ಈಗಾಗಲೇ ಕಾಣಿಸಿಕೊಂಡಿದ್ದಾರೆ. ಕನ್ನಡನಾಡಿನಲ್ಲಿ ಈ ಕೆಲಸವು ಬೇರೂರಬೇಕಾದರೆ ಪ್ಯಾರಿಸಿನಿಂದ ಕೆಂಪುಮೂಗನ್ನು ತರಿಸಬೇಕಾದ ಅಗತ್ಯವಿಲ್ಲ. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ ಬಂಗಾರಕ್ಕರಿದ್ದಾರೆ. ಇಡೀ ಕಂಪೆನಿಗೇ ಒಡೆಯರಾಗಿದ್ದೂ ಸದಾರಮೆ ನಾಟಕದಲ್ಲಿ ಕಳ್ಳನ ಪಾತ್ರವನ್ನು ತಮಗೆ ಇಟ್ಟುಕೊಂಡು ಜನಮನವನ್ನು ಗೆದ್ದ ಗುಬ್ಬಿ ವೀರಣ್ಣನವರ ನೆನಪಿದೆ. ಎಲ್ಲಕ್ಕಿಂತ ಮಿಗಿಲಾಗಿ ಯಕ್ಷಗಾನದ ಹಾಸ್ಯಗಾರನಿದ್ದಾನೆ. ಲೆಕಾಕನ ಶಾಲೆಯಲ್ಲಿ ಕೋಡಂಗಿಯ ಪಾಠವು ಶಿಕ್ಷಣದ ಕೊನೆಗೆ ಬರುವುದೆಂದು ಹೇಳಿದೆನಷ್ಟೆ. ನಮ್ಮ ಮೇಳಗಳಲ್ಲಿ ಅದು ಎರಡು ತುದಿಗಳಲ್ಲಿಯೂ ಇದೆ. ಹೊಸದಾಗಿ ಗೆಜ್ಜೆ ಕಟ್ಟಿದ ಹುಡುಗನು ಪೂರ್ವರಂಗದ ಕೋಡಂಗಿಯಾಗಿ, ಪ್ರೇಕ್ಷಕರು ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವ ಹೊತ್ತಿನಲ್ಲಿ, ಯಾರೂ ನೋಡದ ರಂಗದಲ್ಲಿ ತಾಳತಪ್ಪಿ ಕುಣಿದು ಸಭಾಕಂಪವನ್ನು ಕಳೆದುಕೊಳ್ಳುತ್ತಾನೆ. ಪ್ರಸಂಗಗಳನ್ನೆಲ್ಲ ಅರೆದು ಕುಡಿದ ಹಿರಿಯನು ಹಾಸ್ಯಗಾರನಾಗಿ ಮೇಳದಲ್ಲಿ ಮಾನ್ಯತೆಯನ್ನು ಪಡೆಯುತ್ತಾನೆ. ಮಂಥರೆಯೂ ಅವನೇ, ಕಂಸನ ಅಗಸನೂ ಅವನೇ, ದೇವೇಂದ್ರನ ದೂತನೂ ಅವನೇ. ಬರೆದಿಟ್ಟ ಮಾತು ಅವನಿಗಿಲ್ಲ. ಎದುರುವೇಷವು ಏನನ್ನು ಎಸೆಯುವುದೋ ಅದನ್ನು ಹಿಡಿದು ಆಶುವಾಗಿ ಮಾತನ್ನು ಹೆಣೆಯಬೇಕು. ಕಿರೀಟ ಭುಜಕೀರ್ತಿಗಳ ವೇಷವು ಆರ್ಭಟಿಸುತ್ತಿರುವಾಗ ಪಕ್ಕದಲ್ಲಿ ಬೆಪ್ಪನಂತೆ ನಿಂತು, ಸಭೆಯಲ್ಲಿ ಎಲ್ಲರ ಮನಸ್ಸಿನಲ್ಲಿಯೂ ಇದ್ದ ಸಂಶಯವನ್ನು ತನ್ನ ದಡ್ಡತನವೆಂಬಂತೆ ಕೇಳಿಬಿಡುವ ಆ ವಿದ್ಯೆಯು, ದೊಡ್ಡ ಡಾಕ್ಟರು ಪರಿವಾರಸಮೇತರಾಗಿ ವಾರ್ಡನ್ನು ಸುತ್ತಿಬರುವ ಸಮಯದಲ್ಲಿ ರೋಗಿಗೆ ಎಷ್ಟು ನೆರವಾದೀತೆಂಬುದನ್ನು ಆಸ್ಪತ್ರೆಯಲ್ಲಿ ಮಲಗಿ ಬಂದವರೆಲ್ಲರೂ ಬಲ್ಲರು.

ಅನುಕೂಲವಾದ ಇನ್ನೊಂದು ಸಂಗತಿಯೂ ಉಂಟು. ತುಳುನಾಡಿನಲ್ಲಿ ಪತ್ತನಾಜೆಯೊಡನೆ ಮೇಳಗಳು ತಿರುಗಾಟವನ್ನು ಮುಗಿಸಿ ಗೆಜ್ಜೆ ಬಿಚ್ಚಿದುವೆಂದರೆ, ದೀಪಾವಳಿ ಕಳೆಯುವವರೆಗೂ ಮಳೆಗಾಲದ ತಿಂಗಳುಗಳಲ್ಲಿ ಬಹುಮಂದಿ ಕಲಾವಿದರಿಗೆ ಕೆಲಸವಿಲ್ಲ. ಮಕ್ಕಳಿಗೆ ಜ್ವರ ಹೆಚ್ಚುವುದೂ, ವಾರ್ಡುಗಳು ತುಂಬುವುದೂ ಆ ತಿಂಗಳುಗಳಲ್ಲಿಯೇ. ಚೆಂಡೆಯನ್ನು ಹೊರಗೆ ಬಿಟ್ಟು, ಬಣ್ಣವನ್ನು ತೆಳುಮಾಡಿ, ಆಸ್ಪತ್ರೆಯ ಶುಚಿತ್ವದ ನಿಯಮಗಳನ್ನು ದಾದಿಯರಿಂದ ಕಲಿತು, ಇಬ್ಬರಿಬ್ಬರಾಗಿ ಹೋಗಬಲ್ಲ ಕೆಲವರು ಹಾಸ್ಯಗಾರರನ್ನು ಕರಾವಳಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಕಾಲಕ್ಕೆ ನಿಯಮಿಸಬಹುದು. ಎಲ್ಲ ಹಾಸ್ಯಗಾರರೂ ಇದಕ್ಕೆ ತಕ್ಕವರಾಗುವುದಿಲ್ಲ. ಸಾವಿರ ಜನರ ಸಭೆಯನ್ನು ಹೊಟ್ಟೆಹುಣ್ಣಾಗುವಂತೆ ನಗಿಸಿ ಅಭ್ಯಾಸವಾದವನಿಗೆ, ನಗಲಾರದ ಒಂದೇ ಮಗುವಿನ ಮುಂದೆ ಸುಮ್ಮನೆ ಕುಳಿತಿರುವುದು ಬಹಳ ಕಷ್ಟವಾದೀತು. ಹೆಸರುಮಾಡಿದವರಿಗಿಂತ ಎರಡನೆಯ ಸಾಲಿನವರೇ ಇದಕ್ಕೆ ಹೆಚ್ಚು ಯೋಗ್ಯರೆಂದು ನನ್ನ ಊಹೆ.

ಉಳಿದಿರುವುದು ಹಣದ ಪ್ರಶ್ನೆ. ನ್ಯೂಯಾರ್ಕಿನ ಆ ಸರ್ಕಸ್ ಸಂಸ್ಥೆಯು 2016ರಲ್ಲಿ ದಿವಾಳಿಯಾದಾಗ, ಮೂವತ್ತು ವರ್ಷಗಳ ಕಾಲ ಅದರ ಆಶ್ರಯದಲ್ಲಿದ್ದ ಆಸ್ಪತ್ರೆಯ ವಿದೂಷಕರು ಬೇರೊಂದು ಸಂಸ್ಥೆಯನ್ನು ಕಟ್ಟಿಕೊಂಡು ಕೆಲಸವನ್ನು ಮುಂದುವರಿಸಬೇಕಾಯಿತು. ಒಬ್ಬ ಆಶ್ರಯದಾತನ ಔದಾರ್ಯವನ್ನು ನಂಬಿ ಈ ಕಾರ್ಯವನ್ನು ಆರಂಭಿಸುವುದು ಕ್ಷೇಮವಲ್ಲ. ದಾದಿಗೂ ಔಷಧಗಾರನಿಗೂ ಕೊಡುವಂತೆ ಇವರಿಗೂ ಆಸ್ಪತ್ರೆಯ ಲೆಕ್ಕದಿಂದಲೇ ತಿಂಗಳ ಸಂಬಳವು ಸಲ್ಲಬೇಕು; ಸನ್ಮಾನದ ಶಾಲು ಹಣ್ಣುಗಳಿಂದ ಕೆಲಸ ನಡೆಯುವುದಿಲ್ಲ. ಆ ನೇಮಕದ ಕರಾರುಪತ್ರವನ್ನು ಯಾರಾದರೂ ಮುಂದೆ ಬರೆಯುವುದಾದರೆ ಅದರಲ್ಲಿ ಒಂದು ಕಲಮನ್ನು ತಪ್ಪದೆ ಸೇರಿಸಬೇಕೆಂದು ನನ್ನ ವಿಜ್ಞಾಪನೆ: ಬಾಗಿಲಲ್ಲಿ ನಿಂತು ಅಪ್ಪಣೆ ಬೇಡಿ, ಮಗುವು ಬೇಡವೆಂದ ಕಾರಣದಿಂದ ಒಳಗೆ ಹೋಗದೆ ಹಿಂತಿರುಗಿ ಬಂದ ದಿನಕ್ಕೂ ಪೂರ್ಣವಾದ ವೇತನವನ್ನು ಕೊಡತಕ್ಕದ್ದು.